ಕತ್ತರಿ ಇಲ್ಲದ ಸರ್ಜರಿ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧದಷ್ಟು ಬ್ರಿಟನ್ನಿನ ಜಿಪಿಗಳ ಮೇಲಿನ ಸಿಟ್ಟು, ಇನ್ನರ್ಧ ಅದೇ ಜಿಪಿ ಆಗಬೇಕೆಂಬ ಆಸೆ. ಎರಡನ್ನೂ ಒಂದೇ ಕಂತಿನಲ್ಲಿ ತೀರಿಸಿಬಿಡಿ ಎಂದು ಸಂಪಾದಕರು ಹೇಳಿದ್ದಾರೆ. ಹೊಸ ಓದುಗರಿಗಾಗಿ ಒಂದು ಮಾತು: ನಾನು ದಕ್ಷಿಣ ವೇಲ್ಸಿನ ಕಣಿವೆಯ ಊರೊಂದರಲ್ಲಿ 1999ರಿಂದ ಜಿಪಿ, ಅಂದರೆ ಕುಟುಂಬ ವೈದ್ಯೆ. ನಮ್ಮ ಪ್ರಾಕ್ಟೀಸಿನ, ಅಂದರೆ ಜಿಪಿಗಳ ಕ್ಲಿನಿಕ್ಕಿನ, ಪಟ್ಟಿಯಲ್ಲಿ ಏಳು ಸಾವಿರದಷ್ಟು ಜನರಿದ್ದಾರೆ. ಇಲ್ಲಿ ಜಿಪಿ ಕೂರುವ ಜಾಗಕ್ಕೂ, ಆಕೆ ರೋಗಿಗಳನ್ನು ನೋಡುವ ಹೊತ್ತಿಗೂ ‘ಸರ್ಜರಿ’ ಎಂದೇ ಹೆಸರು. ಹೊಸದರಲ್ಲಿ ‘ಬೆಳಿಗ್ಗೆ ಒಂದು ಸರ್ಜರಿ, ಸಂಜೆ ಒಂದು ಸರ್ಜರಿ’ ಎಂದು ಅಪ್ಪನಿಗೆ ಕಾಗದ ಬರೆದಿದ್ದೆ. ‘ದಿನಕ್ಕೆ ಎರಡೇ? ಯಾವ ಅಂಗದ್ದು?’ ಎಂದು ಉತ್ತರ ಬಂತು. ನನ್ನ ಕೋಣೆಯಲ್ಲಿ ಇರುವ ಕತ್ತರಿ ಬ್ಯಾಂಡೇಜು ಕತ್ತರಿಸುವುದಕ್ಕೆ ಮಾತ್ರ ಎಂದು ತಿಳಿಸಿದಾಗ ಅವರಿಗೆ ಸ್ವಲ್ಪ ನಿರಾಸೆಯೇ ಆಯಿತು.

ರೋಗಿಗಳ ಕತೆ ಹೇಳುವಲ್ಲೆಲ್ಲ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಪ್ರಶ್ನೆ: ಮಗಳು ಎಂಬಿಬಿಎಸ್ ಮುಗಿಸುತ್ತಿದ್ದಾಳೆ. ಬ್ರಿಟನ್ನಿಗೆ ಹೋಗಿ ಜಿಪಿ ಆಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಜ್ವರ ಕೆಮ್ಮಿನ ಡಾಕ್ಟರಾಗಲು ಅಷ್ಟು ದೂರ ಹೋಗಬೇಕೆ? ಸ್ಪೆಷಲಿಸ್ಟ್ ಆಗಬಾರದೆ? — ತಂದೆಯೊಬ್ಬರು

ಬೇರೇನನ್ನೂ ಓದಲಾಗದೆ ಉಳಿದವರು ಜಿಪಿ ಆಗುತ್ತಾರೆ ಎಂಬ ಎಣಿಕೆ ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತಿದೆ. ಬ್ರಿಟನ್ನಿನಲ್ಲೂ ಒಂದು ಕಾಲಕ್ಕೆ ಹಾಗೇ ಇತ್ತು. ಆಸ್ಪತ್ರೆಯ ಏಣಿ ಹತ್ತಲಾಗದೆ ಜಾರಿ ಬಿದ್ದವರು ಜಿಪಿಗಳು ಎಂಬ ಮಾತು ದೊಡ್ಡ ವೈದ್ಯರ ಬಾಯಲ್ಲೇ ಓಡಾಡುತ್ತಿತ್ತು. ಆ ಅವಮಾನದ ನಡುವೆಯೇ 1952ರಲ್ಲಿ ಜಿಪಿಗಳು ತಮ್ಮದೇ ಕಾಲೇಜು ಕಟ್ಟಿಕೊಂಡರು. 1980ರ ದಶಕದ ಆರಂಭದಿಂದ ಪ್ರತ್ಯೇಕ ತರಬೇತಿ ಕಡ್ಡಾಯವಾಯಿತು. ಈಗ ಎಂಬಿಬಿಎಸ್ ಪದವಿಯೊಂದನ್ನೇ ಹಿಡಿದು ಯಾರೂ ಇಲ್ಲಿ ಜಿಪಿ ಎಂದು ಬೋರ್ಡು ಹಾಕುವಂತಿಲ್ಲ.

ಮಗಳ ದಾರಿ ಹೀಗಿರುತ್ತದೆ. ಮೊದಲು ಜನರಲ್ ಮೆಡಿಕಲ್ ಕೌನ್ಸಿಲ್‌ನ ನೋಂದಣಿ. ಅದಕ್ಕೆ ಇಂಗ್ಲಿಷಿನ ಪರೀಕ್ಷೆ, ಆಮೇಲೆ ಹೊರದೇಶದಲ್ಲಿ ಓದಿದ ವೈದ್ಯರಿಗಿರುವ ಪ್ಲಾಬ್ ಎಂಬ ಪರೀಕ್ಷೆ. ಪ್ಲಾಬ್‌ನ ಮೊದಲ ಭಾಗ ಮೂರು ಗಂಟೆಯಲ್ಲಿ 180 ಪ್ರಶ್ನೆ. ಎರಡನೆಯ ಭಾಗಕ್ಕೆ ಮ್ಯಾಂಚೆಸ್ಟರ್‌ಗೇ ಬರಬೇಕು. ಅಲ್ಲಿ ಒಂದೊಂದು ಮೂಲೆಯಲ್ಲಿ ಒಬ್ಬೊಬ್ಬ ನಟ ರೋಗಿಯಾಗಿ ಕೂತಿರುತ್ತಾನೆ. ನೋಂದಣಿಯ ನಂತರ ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಹೊಸ ವೈದ್ಯರಿಂದ ನಿರೀಕ್ಷಿಸುವ ಎಲ್ಲವೂ ಆಕೆಗೆ ಬರುತ್ತದೆ ಎಂದು ಹಿರಿಯ ವೈದ್ಯರಿಂದ ಸಹಿ ಪಡೆಯಬೇಕು. ಆಮೇಲೆ ಎಂಎಸ್‌ಆರ್‌ಎ ಎಂಬ ಕಂಪ್ಯೂಟರ್ ಪರೀಕ್ಷೆ. ಅದರಲ್ಲಿ ಅರ್ಧ ವೈದ್ಯಕೀಯ. ಇನ್ನರ್ಧ ವಿಚಿತ್ರವಾದದ್ದು: ‘ನಿಮ್ಮ ಸಹೋದ್ಯೋಗಿ ಕುಡಿದು ಡ್ಯೂಟಿಗೆ ಬಂದಿದ್ದಾನೆ, ಕೆಳಗಿನ ಐದು ಕ್ರಮಗಳನ್ನು ಯೋಗ್ಯತೆಯ ಕ್ರಮದಲ್ಲಿ ಜೋಡಿಸಿ’ ಎಂಬಂಥ ಪ್ರಶ್ನೆಗಳು. ಚಿನ್ನದ ಪದಕದವರು ಇಲ್ಲಿ ಮುಗ್ಗರಿಸುವುದನ್ನು ಕಂಡಿದ್ದೇನೆ. ಈಚಿನ ವರ್ಷಗಳಲ್ಲಿ ಜಿಪಿ ತರಬೇತಿಗೆ ಸಂದರ್ಶನವಿಲ್ಲ, ಈ ಅಂಕವೇ ಎಲ್ಲ.

ಸೀಟು ಸಿಕ್ಕ ಮೇಲೆ ಮೂರು ವರ್ಷ. ಒಂದಷ್ಟು ಕಾಲ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗ, ಹೆರಿಗೆ, ಮನೋವೈದ್ಯ, ವೃದ್ಧರ ವಾರ್ಡು ಹೀಗೆ ಸುತ್ತಾಟ. ಕೊನೆಯ ವರ್ಷವಂತೂ ಪೂರ್ತಿ ಒಂದು ಪ್ರಾಕ್ಟೀಸಿನಲ್ಲಿ, ಒಬ್ಬ ಟ್ರೇನರ್ ಕೈಕೆಳಗೆ. ನಡುವೆ ಎರಡು ಪರೀಕ್ಷೆ. ಒಂದು ಜ್ಞಾನದ್ದು. ಅದರಲ್ಲಿ ಹತ್ತರಲ್ಲಿ ಎಂಟು ಭಾಗ ರೋಗಗಳು, ಒಂದು ಭಾಗ ಅಂಕಿಅಂಶ, ಇನ್ನೊಂದು ಭಾಗ ಆಡಳಿತ. ಕೆಲಸಕ್ಕೆ ರಜೆ ಹಾಕಿದ ರೋಗಿಗೆ ಎಷ್ಟು ದಿನದ ನಂತರ ವೈದ್ಯರ ಚೀಟಿ ಬೇಕು ಎಂಬುದೂ ಪಠ್ಯವೇ. (ಏಳು ದಿನ. ಅಲ್ಲಿಯವರೆಗೆ ತಾನೇ ಬರೆದುಕೊಟ್ಟರೆ ಸಾಕು.) ಎರಡನೆಯದು ಸಮಾಲೋಚನೆಯ ಪರೀಕ್ಷೆ. ಅದರ ಬಗ್ಗೆ ಕೆಳಗೆ ಬೇರೆ ಪತ್ರವಿದೆ. ಇದರ ಜೊತೆಗೆ ಪೋರ್ಟ್‌ಫೋಲಿಯೊ ಎಂಬ ಬಿಡಿಸಲಾಗದ ಗಂಟು: ಕಂಡ ಪ್ರಕರಣ, ಕಲಿತ ಪಾಠ, ಮಾಡಿದ ತಪ್ಪು ಎಲ್ಲವನ್ನೂ ಆನ್‌ಲೈನಿನಲ್ಲಿ ಬರೆದಿಡಬೇಕು. ವರ್ಷಕ್ಕೊಮ್ಮೆ ಒಂದು ಮಂಡಳಿ ಅದನ್ನು ಓದಿ, ಮುಂದಿನ ವರ್ಷಕ್ಕೆ ಹೋಗಲು ಅರ್ಹಳೇ ಎಂದು ತೀರ್ಮಾನಿಸುತ್ತದೆ. ನನ್ನ ಟ್ರೇನಿಗಳು ಶಪಿಸುವುದು ಪರೀಕ್ಷೆಗಿಂತ ಇದನ್ನೇ ಹೆಚ್ಚು.

ಕಹಿಯನ್ನೂ ಹೇಳಬೇಕು. ಸೀಟುಗಳಿಗೆ ಪೈಪೋಟಿ ಬಹಳ ಏರಿದೆ. ಬ್ರಿಟನ್ನಿನಲ್ಲೇ ಓದಿದವರಿಗೆ ಮತ್ತು ಇಲ್ಲಿ ಈಗಾಗಲೇ ಗಣನೀಯ ಕಾಲ ದುಡಿದವರಿಗೆ ಆದ್ಯತೆ ಕೊಡುವುದಾಗಿ 2025ರ ಜುಲೈನಲ್ಲಿ ಇಂಗ್ಲೆಂಡಿನ ಹತ್ತು ವರ್ಷದ ಆರೋಗ್ಯ ಯೋಜನೆಯಲ್ಲಿ ಸರ್ಕಾರ ಹೇಳಿತು. ಪ್ಲಾಬ್ ಮುಗಿಸಿ ಮೊದಲ ಕೆಲಸಕ್ಕಾಗಿ ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಆದ್ದರಿಂದ ಸಾಲ ಮಾಡುವ ಮೊದಲು ಆ ವರ್ಷದ ನಿಯಮವನ್ನು ಮಗಳೇ ಕೂತು ಓದಲಿ. ಏಜೆಂಟರ ಮಾತು ಬೇಡ.

ಇನ್ನು ‘ಜ್ವರ ಕೆಮ್ಮು’. ನಿನ್ನೆ ಬೆಳಿಗ್ಗೆ ನಾನು ನೋಡಿದ್ದು ಇಷ್ಟು: ಆರು ವಾರದ ಕೂಸು, ಮಾತ್ರೆ ನುಂಗದ ಸಕ್ಕರೆ ಕಾಯಿಲೆಯ ಲಾರಿ ಚಾಲಕ, ಎದೆಯಲ್ಲಿ ಗಂಟು ಸಿಕ್ಕಿದ ಶಿಕ್ಷಕಿ, ಕೈ ನಡುಗುತ್ತದೆ ಎಂದು ಬಂದು ಗಂಡನ ಹೊಡೆತದ ಬಗ್ಗೆ ಹೇಳಿದ ಹೆಂಗಸು, ಸಾಯಲು ಮನೆಗೇ ಬಂದಿರುವ ತೊಂಬತ್ತರ ಮುದುಕನ ಮಗ. ಕೆಮ್ಮೂ ಒಂದಿತ್ತು.

ಪ್ರಶ್ನೆ: ಹನ್ನೆರಡು ದಿನ ಹಳದಿ ಕಫದ ಕೆಮ್ಮು. ಬಹಳ ಕಷ್ಟಪಟ್ಟು ಅಪಾಯಿಂಟ್‌ಮೆಂಟ್ ಪಡೆದೆ. ಡಾಕ್ಟರ್ ಒಂಬತ್ತೇ ನಿಮಿಷ ನೋಡಿ, ಆ್ಯಂಟಿಬಯೋಟಿಕ್ ಬೇಡ, ಪ್ಯಾರಾಸಿಟಮಾಲ್ ಸಾಕು ಎಂದರು. ಇದನ್ನು ಹೇಳಲು ಡಾಕ್ಟರ್ ಯಾಕೆ ಬೇಕು? — ನೊಂದ ಕನ್ನಡಿಗ, ಸ್ವಾನ್ಸಿ

ನಿಮಗೆ ನಿಗದಿಯಾಗಿದ್ದದ್ದು ಬಹುಶಃ ಹತ್ತು ನಿಮಿಷ. ಅದರಲ್ಲಿ ನೀವು ಕೋಟು ಬಿಚ್ಚಿ ಕೂರುವುದು, ಆಕೆ ಟಿಪ್ಪಣಿ ಬರೆಯುವುದು ಎಲ್ಲ ಸೇರಿದೆ. ಒಂಬತ್ತು ಸಿಕ್ಕಿದ್ದರೆ ನಿಮ್ಮ ಪಾಲಿಗೆ ಲಾಭವೇ.

ತಮಾಷೆ ಸಾಕು. ಕಫದ ಬಣ್ಣ ಹಳದಿಯೋ ಹಸಿರೋ ಎಂಬುದರಿಂದಲೇ ಆ್ಯಂಟಿಬಯೋಟಿಕ್ ಬೇಕೆಂದು ಹೇಳಲಾಗದು. ವೈರಸ್ಸಿನಿಂದ ಬಂದ ಮಾಮೂಲಿ ಕೆಮ್ಮು ಮೂರು ನಾಲ್ಕು ವಾರ ಎಳೆಯುತ್ತದೆ. ಹನ್ನೆರಡು ದಿನವೆಂದರೆ ಅದರ ನಡುವಯಸ್ಸು. ಆ ಒಂಬತ್ತು ನಿಮಿಷದಲ್ಲಿ ಆಕೆ ನಿಮ್ಮ ಉಸಿರಾಟ ಎಣಿಸಿರುತ್ತಾರೆ, ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕ ನೋಡಿರುತ್ತಾರೆ, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟಿರುತ್ತಾರೆ, ಸಿಗರೇಟು ಸೇದುತ್ತೀರಾ, ತೂಕ ಇಳಿದಿದೆಯೇ ಎಂದು ಕೇಳಿರುತ್ತಾರೆ. ನ್ಯುಮೋನಿಯಾ ಅಲ್ಲ, ಬೇರೆ ದೊಡ್ಡದರ ಸುಳಿವೂ ಇಲ್ಲ ಎಂದು ನಿರ್ಧರಿಸುವುದೇ ಅಲ್ಲಿ ನಡೆದ ಕೆಲಸ. ಹುಡುಕಿ ಏನೂ ಸಿಗದಿದ್ದರೆ ರೋಗಿಯ ಕಣ್ಣಿಗೆ ಹುಡುಕಾಟವೇ ಕಾಣುವುದಿಲ್ಲ. ಇದು ನಮ್ಮ ಕಸುಬಿನ ಹಣೆಬರಹ.

ಆಸ್ಪತ್ರೆಯ ಶ್ವಾಸಕೋಶ ತಜ್ಞರ ಬಳಿಗೆ ಹೋಗುವ ಕೆಮ್ಮನ್ನು ಯಾರೋ ಒಬ್ಬ ಜಿಪಿ ಮೊದಲೇ ಜರಡಿ ಹಿಡಿದಿರುತ್ತಾರೆ. ನನ್ನ ಬಳಿಗೆ ಬರುವುದು ಜರಡಿ ಹಿಡಿಯದ ಕೆಮ್ಮು. ಅಲ್ಲಿ ಅಪರೂಪದ ರೋಗವೇ ಮಾಮೂಲು, ಇಲ್ಲಿ ಮಾಮೂಲೇ ಮಾಮೂಲು. ಬಂದವರಿಗೆಲ್ಲ ಸ್ಕ್ಯಾನ್ ಬರೆದರೆ ನಾನು ಜಾಣೆಯಂತೆ ಕಾಣುತ್ತೇನೆ, ನಿಜವಾಗಿ ಬೇಕಾದವರ ಸರದಿ ಉದ್ದವಾಗುತ್ತದೆ.

ಆದರೆ ಒಂದು ವಿಷಯದಲ್ಲಿ ನಿಮ್ಮ ಪರ ನಿಲ್ಲುತ್ತೇನೆ. ‘ಏನೂ ಇಲ್ಲ, ಹೋಗಿ’ ಎಂದು ಕಳುಹಿಸುವುದು ಅರ್ಧ ಕೆಲಸ. ‘ಇದು ಇನ್ನೆರಡು ವಾರ ಇರಬಹುದು. ಅಷ್ಟರಲ್ಲಿ ರಕ್ತ ಬಿದ್ದರೆ, ಮೆಟ್ಟಿಲು ಹತ್ತುವಾಗ ಉಸಿರು ಸಾಲದಿದ್ದರೆ, ಚಳಿ ಜ್ವರ ಬಂದರೆ ಅದೇ ದಿನ ಫೋನ್ ಮಾಡಿ. ಹೇಳಿದ ಅವಧಿಗೂ ಬಿಡದಿದ್ದರೆ ಎಕ್ಸ್‌ರೇ ಮಾಡೋಣ’ ಎಂದು ಹೇಳಿದಾಗ ಮಾತ್ರ ಅದು ಪೂರ್ತಿ. ನಾವು ಇದಕ್ಕೆ ಸೇಫ್ಟಿ ನೆಟ್ ಎನ್ನುತ್ತೇವೆ, ಸರ್ಕಸ್ಸಿನವರು ಕೆಳಗೆ ಕಟ್ಟುವ ಬಲೆಯ ಹಾಗೆ. ನಿಮ್ಮ ಪತ್ರದಲ್ಲಿ ಆ ಮಾತಿನ ಸುಳಿವಿಲ್ಲ. ಆಕೆ ಹೇಳದೆ ಇದ್ದರೆ ತಪ್ಪು ಆಕೆಯದು. ಹೇಳಿದ್ದೂ ನೀವು ಆ್ಯಂಟಿಬಯೋಟಿಕ್ ಸಿಗದ ಸಿಟ್ಟಿನಲ್ಲಿ ಕೇಳಿಸಿಕೊಳ್ಳದಿದ್ದರೆ, ಅದನ್ನು ನೀವೇ ನೆನಪಿಸಿಕೊಳ್ಳಬೇಕು.

ಪ್ರಶ್ನೆ: ಫೋನ್ ಎತ್ತಿದ ರಿಸೆಪ್ಷನಿಸ್ಟ್ ‘ಏನು ತೊಂದರೆ’ ಎಂದು ಕೇಳುತ್ತಾಳೆ. ನನ್ನ ಕಾಯಿಲೆ ಕೇಳಲು ಅವಳು ಯಾರು? — ಗೃಹಿಣಿ, ಕಾರ್ಡಿಫ್

ಹೇಳಲೇಬೇಕೆಂದು ಕಡ್ಡಾಯವಿಲ್ಲ. ‘ಖಾಸಗಿ ವಿಷಯ’ ಎಂದರೆ ಸಾಕು, ಯಾರೂ ಕೆದಕಬಾರದು. ಕೇಳುವುದಕ್ಕೆ ಕಾರಣವಿದೆ. ಗಂಟಲು ನೋವು, ಕಣ್ಣು ಕೆಂಪಾಗುವುದು, ಮಕ್ಕಳ ತಲೆಹೇನು ಇಂಥವುಗಳಿಗೆ ವೇಲ್ಸಿನ ಔಷಧ ಅಂಗಡಿಗಳಲ್ಲೇ ಫಾರ್ಮಸಿಸ್ಟರು ಉಚಿತವಾಗಿ ನೋಡಿ ಔಷಧ ಕೊಡುವ ಯೋಜನೆ ಇದೆ. ಮಂಡಿ ನೋವಿಗೆ ಫಿಸಿಯೋಥೆರಪಿಸ್ಟ್ ನೇರವಾಗಿ ಸಿಗಬಹುದು. ಎದೆನೋವೆಂದರೆ ಆಕೆ ಅಪಾಯಿಂಟ್‌ಮೆಂಟ್ ಕೊಡುವುದಿಲ್ಲ, ತುರ್ತು ಸೇವೆಯ 999ಕ್ಕೆ ಫೋನ್ ಮಾಡಿ ಎನ್ನುತ್ತಾಳೆ. ಅದನ್ನು ಕೇಳದೆ ಹೇಗೆ ತಿಳಿಯಬೇಕು?

ನಮ್ಮ ರಿಸೆಪ್ಷನಿಸ್ಟ್‌ಗೆ ನಾನು ಒಂದು ಸಾಲ ಬಾಕಿ ಇದ್ದೇನೆ. ಹಲವು ವರ್ಷಗಳ ಹಿಂದಿನ ಮಾತು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ತಲೆನೋವೆಂದು ಬಂದರು. ಗಂಡ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ರಕ್ತದೊತ್ತಡ ಸರಿ, ಕುತ್ತಿಗೆ ಸರಿ, ಕಣ್ಣೊಳಗೆ ಟಾರ್ಚು ಹಾಕಿ ನೋಡಿದರೂ ಸರಿ. ನಿದ್ದೆಯಿಲ್ಲ, ಊಟ ಸೇರುವುದಿಲ್ಲ ಎಂದರು. ಶೋಕದ ತಲೆನೋವು ಎಂದು ಮನಸ್ಸಿನಲ್ಲೇ ಮುದ್ರೆ ಒತ್ತಿ, ನಾಲ್ಕು ಸಮಾಧಾನದ ಮಾತಾಡಿ, ಎರಡು ವಾರ ಬಿಟ್ಟು ಬನ್ನಿ ಎಂದು ಕಳುಹಿಸಿದೆ. ಆ ಮಾತುಗಳನ್ನು ಚೆನ್ನಾಗಿಯೇ ಆಡಿದೆ ಎಂದು ಒಳಗೊಳಗೇ ಹೆಮ್ಮೆಯೂ ಇತ್ತು.

ಹನ್ನೊಂದು ಗಂಟೆಯ ಚಹಾಕ್ಕೆ ಕೂತಾಗ ರಿಸೆಪ್ಷನಿಸ್ಟ್ ಬಿಸ್ಕತ್ತು ಅದ್ದುತ್ತಾ ಹೇಳಿದಳು: ‘ಪಾಪ, ಅವರ ಕೂದಲು ನೋಡಿದಿರಾ? ಸೊಂಟದವರೆಗೆ ಇತ್ತು. ಹುಡುಗಿಯಾಗಿದ್ದಾಗಿನಿಂದ ಕತ್ತರಿ ಮುಟ್ಟಿಸಿರಲಿಲ್ಲ. ಈಗ ಬಾಚಣಿಗೆ ತಗುಲಿದರೆ ನೆತ್ತಿ ನೋಯುತ್ತದೆಯಂತೆ, ಕತ್ತರಿಸಿಬಿಟ್ಟಿದ್ದಾರೆ.’

ಚಹಾ ಅಲ್ಲೇ ಬಿಟ್ಟೆ. ಐವತ್ತು ದಾಟಿದವರಿಗೆ ಹೊಸದಾಗಿ ತಲೆನೋವು ಬಂದು, ನೆತ್ತಿ ಮುಟ್ಟಿದರೆ ನೋಯುತ್ತದೆ ಎಂದರೆ ಕಪಾಲದ ರಕ್ತನಾಳದ ಉರಿಯೂತವನ್ನು ಅನುಮಾನಿಸಬೇಕು. ಚಿಕಿತ್ಸೆ ತಡವಾದರೆ ಕಣ್ಣು ಹೋಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ. ಫೋನ್ ಮಾಡಿ ‘ಊಟ ಮಾಡುವಾಗ ದವಡೆ ಸೋಲುತ್ತದೆಯೇ?’ ಎಂದು ಕೇಳಿದೆ. ‘ಟೋಸ್ಟಿನ ಅಂಚು ಅಗಿಯಲಾಗದೆ ಬಿಟ್ಟುಬಿಡುತ್ತೇನೆ, ಹಲ್ಲಿನದಿರಬೇಕು’ ಎಂದರು. ಊಟ ಸೇರುವುದಿಲ್ಲ ಎಂದದ್ದು ಇದಕ್ಕೆ! ಅಂದೇ ರಕ್ತ ತೆಗೆದೆವು, ಫಲಿತಾಂಶಕ್ಕೆ ಕಾಯದೆ ಸ್ಟೀರಾಯ್ಡ್ ಶುರು ಮಾಡಿದೆವು, ಆಸ್ಪತ್ರೆಗೆ ಫೋನ್ ಮಾಡಿದೆವು. ಕಣ್ಣು ಉಳಿಯಿತು.

ಮುಂದಿನ ತಿಂಗಳ ಪ್ರಾಕ್ಟೀಸ್ ಸಭೆಯಲ್ಲಿ ನನ್ನ ತಪ್ಪೆಂದು ನಾನೇ ಇದನ್ನು ಮುಂದಿಟ್ಟೆ. ಇಲ್ಲಿ ಅದು ರೂಢಿ. ವೈದ್ಯರು, ನರ್ಸು, ರಿಸೆಪ್ಷನಿಸ್ಟ್ ಎಲ್ಲರೂ ಸುತ್ತ ಕೂತು ಎಲ್ಲಿ ತಪ್ಪಿತು ಎಂದು ಬಿಡಿಸಿ ನೋಡುತ್ತೇವೆ. ಅಂದಿನಿಂದ ನಮ್ಮಲ್ಲಿ ಒಂದು ನಿಯಮ: ಕಿಟಕಿಯ ಬಳಿ ಕೇಳಿದ್ದು ಏನಾದರೂ ಮನಸ್ಸಿಗೆ ಚುಚ್ಚಿದರೆ ರಿಸೆಪ್ಷನಿಸ್ಟ್ ಡಾಕ್ಟರ ಪರದೆಯ ಮೇಲೆ ಒಂದು ಸಾಲು ಬರೆಯಬೇಕು.

ಪ್ರಶ್ನೆ: ನಾನು ಮೂರನೆಯ ವರ್ಷದ ಟ್ರೇನಿ. ಜ್ಞಾನದ ಪರೀಕ್ಷೆ ಮೊದಲ ಸಲಕ್ಕೇ ಪಾಸು. ಸಮಾಲೋಚನೆಯ ಪರೀಕ್ಷೆ ಎಸ್‌ಸಿಎಯಲ್ಲಿ ಫೇಲಾದೆ. ನನ್ನ ಇಂಗ್ಲಿಷ್ ಚೆನ್ನಾಗಿದೆ. ಚರ್ಮದ ಬಣ್ಣವೇ ಕಾರಣವೇ? — ಹೆಸರು ಬೇಡ

ನೋಡು ತಂಗಿ, ಆ ಅನುಮಾನ ನಿನ್ನೊಬ್ಬಳದಲ್ಲ. ಹೊರದೇಶದಲ್ಲಿ ಓದಿದವರು ಈ ಪರೀಕ್ಷೆಯ ಹಿಂದಿನ ರೂಪದಲ್ಲಿ ಬಹಳ ಹೆಚ್ಚಾಗಿ ಫೇಲಾಗುತ್ತಿದ್ದರು. ಭಾರತೀಯ ಮೂಲದ ವೈದ್ಯರ ಸಂಘ ಬಾಪಿಯೊ ಇದನ್ನು ಲಂಡನ್ನಿನ ಹೈಕೋರ್ಟಿಗೆ ಒಯ್ದಿತು. 2014ರಲ್ಲಿ ಪರೀಕ್ಷೆ ಕಾನೂನುಬದ್ಧವೆಂದೇ ತೀರ್ಪು ಬಂತು. ಅಂತರ ಮಾತ್ರ ಅಳಿದಿಲ್ಲ. ಅದರಲ್ಲಿ ವ್ಯವಸ್ಥೆಯ ಪಾಲು ಇದೆ ಎಂದೇ ನನ್ನ ನಂಬಿಕೆ. ಅಮ್ಮನ ಮನೆಯ ಊಟದ ಮೇಜಿನಲ್ಲೇ ಇಲ್ಲಿನ ಧಾಟಿಯ ಮಾತು ಕಲಿತವರಿಗೂ, ಮೂವತ್ತನೆಯ ವಯಸ್ಸಿಗೆ ಕಲಿತವರಿಗೂ ಒಂದೇ ಗಡಿಯಾರ ಹಿಡಿಯುತ್ತಾರೆ. ಆದರೆ ನೀನು ನಾಳೆ ಮತ್ತೆ ಕೂರಬೇಕಾದ್ದು ಅದೇ ಪರೀಕ್ಷೆಗೆ.

ನಟರು ಆಡುವ ಹನ್ನೆರಡು ರೋಗಿಗಳು, ತಲಾ ಹನ್ನೆರಡು ನಿಮಿಷ, ನಿನ್ನ ಪ್ರಾಕ್ಟೀಸಿನಲ್ಲೇ ಕೂತು ವಿಡಿಯೊ ಅಥವಾ ಫೋನ್ ಮೂಲಕ. ನಿನಗೆ ಗೊತ್ತಿರುವುದೇ. ನಮ್ಮ ಕಡೆಯವರು ಸಾಮಾನ್ಯವಾಗಿ ಬೀಳುವುದು ಎಲ್ಲಿ ಎಂದರೆ, ಎಂಟೊಂಬತ್ತು ನಿಮಿಷ ಪ್ರಶ್ನೆ ಕೇಳುವುದರಲ್ಲೇ ಕಳೆದು, ಉಳಿದ ಮೂರರಲ್ಲಿ ಭಾಷಣ ಮಾಡುತ್ತಾರೆ. ಆರನೆಯ ನಿಮಿಷಕ್ಕೆ ನಿನ್ನ ತೀರ್ಮಾನ ಹೊರಗೆ ಬರಬೇಕು, ಉಳಿದದ್ದು ರೋಗಿಯೊಡನೆ ಕೂಡಿ ಮಾಡುವ ಯೋಜನೆಗೆ. ಇನ್ನೊಂದು, ‘ನಿಮಗೇನು ಅನ್ನಿಸುತ್ತದೆ, ಯಾವುದರ ಭಯ, ಏನು ನಿರೀಕ್ಷೆ’ ಎಂಬ ಮೂರು ಪ್ರಶ್ನೆಗಳನ್ನು ಸಂಧ್ಯಾವಂದನೆಯ ಮಂತ್ರದಂತೆ ಸಾಲಾಗಿ ಒದರುವುದು. ನಟನಿಗೂ ಅದು ತಿಳಿಯುತ್ತದೆ, ಪರೀಕ್ಷಕರಿಗೂ ತಿಳಿಯುತ್ತದೆ.

ನಾನು ಟ್ರೇನಿಯಾಗಿದ್ದಾಗ, 1998ರಲ್ಲಿ, ನಿಜವಾದ ರೋಗಿಗಳ ಒಪ್ಪಿಗೆ ಪಡೆದು ಸಮಾಲೋಚನೆಯನ್ನು ವಿಡಿಯೊ ಟೇಪಿನಲ್ಲಿ ಹಿಡಿಯಬೇಕಿತ್ತು. ಒಂದು ದಿನ ಸಂಜೆ ಟ್ರೇನರ್ ನನ್ನ ಟೇಪು ಹಾಕಿ, ರಿಮೋಟ್ ಒತ್ತಿ ಧ್ವನಿಯನ್ನೇ ತೆಗೆದುಬಿಟ್ಟರು. ‘ಬರೀ ನೋಡು’ ಎಂದರು. ಮಂಡಿ ನೋವಿನ ಮಾಜಿ ಗಣಿ ಕಾರ್ಮಿಕ. ತೊಡೆಯ ಮೇಲೆ ಟೋಪಿ. ನನ್ನ ಬಾಯಿ ಒಂದೇ ಸಮನೆ ಆಡುತ್ತಿತ್ತು. ಬಾವು ಇದೆಯೇ, ಬೆಳಿಗ್ಗೆ ಬಿಗಿಯುತ್ತದೆಯೇ, ಮಡಚಿದರೆ ಕಟಕಟ ಎನ್ನುತ್ತದೆಯೇ. ಎಲ್ಲ ಸರಿಯಾದ ಪ್ರಶ್ನೆಗಳೇ. ನಾನು ಕಂಪ್ಯೂಟರಿನ ಕಡೆಗೆ ತಿರುಗಿದಾಗಲೆಲ್ಲ ಆತನ ಬಾಯಿ ಅರ್ಧ ತೆರೆಯುತ್ತಿತ್ತು, ನಾನು ಇತ್ತ ತಿರುಗಿದೊಡನೆ ಮುಚ್ಚುತ್ತಿತ್ತು. ಮೂರು ಸಲ. ಮೂರನೆಯ ಸಲ ಟೋಪಿ ನೆಲಕ್ಕೆ ಬಿತ್ತು. ಟ್ರೇನರ್ ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ತೋರಿಸಿದರು. ‘ಆತ ಏನು ಹೇಳಲು ಹೊರಟಿದ್ದ?’ ನನಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಮರುವಾರ ಆತನನ್ನು ಕರೆಸಿದೆ. ಈ ಸಲ ಕಂಪ್ಯೂಟರಿನ ಪರದೆ ಆರಿಸಿ ಕೂತೆ. ‘ಮಂಡಿ ನೋವಿನಿಂದ ಯಾವ ಕೆಲಸ ನಿಂತುಹೋಗಿದೆ?’ ಎಂದಷ್ಟೇ ಕೇಳಿ ಸುಮ್ಮನಾದೆ. ಹೆಂಡತಿಗೆ ನರದ ಕಾಯಿಲೆ, ನಡೆಯಲಾಗದು. ರಾತ್ರಿ ಅವಳನ್ನು ಎತ್ತಿಕೊಂಡು ಮಹಡಿ ಹತ್ತುತ್ತಾನೆ. ಹದಿಮೂರು ಮೆಟ್ಟಿಲು. ಹಿಂದಿನ ವಾರ ಒಂಬತ್ತನೆಯ ಮೆಟ್ಟಿಲಲ್ಲಿ ಮಂಡಿ ಕೈಕೊಟ್ಟಿತಂತೆ. ಅವಳನ್ನು ಬೀಳಿಸಲಿಲ್ಲ, ಆದರೆ ಅಲ್ಲೇ ಅರ್ಧ ಗಂಟೆ ಇಬ್ಬರೂ ಕೂತಿದ್ದರಂತೆ. ನಾನು ಬರೆದುಕೊಟ್ಟಿದ್ದ ನೋವಿನ ಮಾತ್ರೆ ಆ ಮೆಟ್ಟಿಲಿಗೆ ಯಾವ ಮದ್ದು? ಮನೆಯನ್ನು ರೋಗಿಗೆ ತಕ್ಕಂತೆ ಹೊಂದಿಸಲು ನೆರವಾಗುವ ಆಕ್ಯುಪೇಷನಲ್ ಥೆರಪಿಸ್ಟರನ್ನು ಕಳುಹಿಸಿದೆವು, ಮಂಚ ಕೆಳಗೆ ಬಂತು.

ನಿನ್ನ ಟ್ರೇನರ್‌ಗೆ ಹೇಳಿ ನಿನ್ನದನ್ನೂ ಚಿತ್ರೀಕರಿಸಿಕೊಂಡು, ಒಂದು ಸಲ ಧ್ವನಿ ತೆಗೆದು ನೋಡು. ಆಮೇಲೆ ಬರೆ.

ಪ್ರಶ್ನೆ: ಜಿಪಿಗಳು ಸರ್ಕಾರಿ ನೌಕರರೇ? ಸಂಬಳ ಎಷ್ಟು? — ಕುತೂಹಲಿ, ಬ್ರಿಸ್ಟಲ್

ನಾನು ನೌಕರಳಲ್ಲ, ಪಾರ್ಟ್‌ನರ್. 1948ರ ಜುಲೈ 5ರಂದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹುಟ್ಟಿದಾಗ ಜಿಪಿಗಳು ನೌಕರರಾಗಲು ಒಪ್ಪದೆ ಗುತ್ತಿಗೆದಾರರಾಗಿಯೇ ಉಳಿದರು. ಪಟ್ಟಿಯಲ್ಲಿರುವ ತಲೆಗಳನ್ನೂ ಅವರ ವಯಸ್ಸನ್ನೂ ಲೆಕ್ಕ ಹಾಕಿ ಪ್ರಾಕ್ಟೀಸಿಗೆ ಹಣ ಬರುತ್ತದೆ. ಅದರಲ್ಲಿ ನರ್ಸು, ರಿಸೆಪ್ಷನಿಸ್ಟ್ ಸಂಬಳ, ಕರೆಂಟು ಬಿಲ್ಲು, ಸೋರುವ ಮಾಡು ಎಲ್ಲ ಕಳೆದು ಉಳಿದದ್ದು ಪಾರ್ಟ್‌ನರುಗಳಿಗೆ. ಇದೆಲ್ಲ ತಲೆನೋವು ಬೇಡವೆನ್ನುವವರು ಸಂಬಳದ ಜಿಪಿ ಆಗುತ್ತಾರೆ, ಇಲ್ಲವೆ ಲೋಕಮ್ ಎಂಬ ಬದಲಿ ವೈದ್ಯರಾಗಿ ಊರೂರು ತಿರುಗುತ್ತಾರೆ. ನನ್ನ ಆದಾಯ ಕೇಳಬೇಡಿ, ಹೋದ ವರ್ಷ ಬಾಯ್ಲರ್ ಕೆಟ್ಟಿತ್ತು.

ಪ್ರಶ್ನೆ: ವೇಲ್ಸಿನ ಕಣಿವೆಗಳಲ್ಲಿ ಭಾರತೀಯ ವೈದ್ಯರು ಅಷ್ಟೊಂದು ಮಂದಿ ಯಾಕೆ? — ಸಂಶೋಧನಾ ವಿದ್ಯಾರ್ಥಿ, ನ್ಯೂಪೋರ್ಟ್

ಇಲ್ಲಿ ಹುಟ್ಟಿ ಬೆಳೆದ ವೈದ್ಯರು ಬರಲು ಒಪ್ಪದಿದ್ದುದರಿಂದ. ಮಳೆ, ಕಲ್ಲಿದ್ದಲ ಧೂಳು, ಬೆಟ್ಟದ ಮೈಗೆ ಅಂಟಿದ ಸಾಲುಮನೆಗಳು, ಲೆಕ್ಕವಿಲ್ಲದ ರೋಗಿಗಳು. 1960–70ರ ದಶಕಗಳಲ್ಲಿ ಭಾರತ, ಪಾಕಿಸ್ತಾನಗಳಿಂದ ಬಂದವರಿಗೆ ಆಸ್ಪತ್ರೆಗಳಲ್ಲಿ ಮೇಲಿನ ಹುದ್ದೆಯ ಬಾಗಿಲು ಮುಚ್ಚಿತ್ತು. ತೆರೆದಿದ್ದದ್ದು ಇಂಥ ಊರುಗಳ ಜಿಪಿ ಕುರ್ಚಿ. ಅವರು ಅಲ್ಲಿ ಕೂತು ಮೂರು ತಲೆಮಾರು ನೋಡಿಕೊಂಡರು. ನಾನು ಬರುವ ಹೊತ್ತಿಗೆ ದಾರಿ ಸವೆದಿತ್ತು. ರೋಗಿಗಳ ಮನೆಗೆ ಹೋದಾಗ ಅಜ್ಜಂದಿರು ‘ನಮ್ಮ ಡಾಕ್ಟರೂ ನಿಮ್ಮವರೇ ಇದ್ದರು’ ಎಂದು ಯಾವುದೋ ಬಂಗಾಳಿ ಹೆಸರು ಹೇಳುತ್ತಿದ್ದರು. ನಾನು ಹೌದೆಂದು ತಲೆಯಾಡಿಸುತ್ತಿದ್ದೆ.

ನಿಮ್ಮ ಸಂಶೋಧನೆಗೆ ಎರಡು ಊರು ನೋಡಿ. ಒಂದು ಟ್ರೆಡೇಗರ್. ಗಣಿ ಕಾರ್ಮಿಕರು ಕೂಲಿಯಲ್ಲಿ ಕೆಲವು ಪೆನ್ನಿ ಸೇರಿಸಿ ವೈದ್ಯರನ್ನು ತಾವೇ ನೇಮಿಸಿಕೊಂಡಿದ್ದ ಊರು. ಅಲ್ಲಿ 1897ರಲ್ಲಿ ಹುಟ್ಟಿ ಗಣಿಗಿಳಿದ ಹುಡುಗ ಅನ್ಯೂರಿನ್ ಬೆವನ್ ಮುಂದೆ ಆರೋಗ್ಯ ಮಂತ್ರಿಯಾಗಿ ಅದನ್ನೇ ದೇಶಕ್ಕೆಲ್ಲ ಹರಡಿದ. ಸರ್ಕಾರ ಕನ್ನಡಕ ಮತ್ತು ಕಟ್ಟುಹಲ್ಲಿಗೆ ಶುಲ್ಕ ಹಾಕಲು ಹೊರಟಾಗ 1951ರಲ್ಲಿ ಸಂಪುಟಕ್ಕೆ ರಾಜೀನಾಮೆ ಬಿಸಾಕಿದ. 2007ರಿಂದ ವೇಲ್ಸಿನಲ್ಲಿ ಔಷಧ ಚೀಟಿಗೆ ಶುಲ್ಕವಿಲ್ಲ, ಇಂಗ್ಲೆಂಡಿನಲ್ಲಿ ಇವತ್ತಿಗೂ ಇದೆ.

ಇನ್ನೊಂದು ಗ್ಲಿನ್‌ಕೊರುಗ್. ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ಜಿಪಿ ದಶಕಗಳ ಕಾಲ ಅಲ್ಲಿದ್ದು, ರೋಗವಿದ್ದವರು ಬರಲೆಂದು ಕಾಯದೆ ಊರಿನವರೆಲ್ಲರ ರಕ್ತದೊತ್ತಡ ಅಳೆದರು. ವೈದ್ಯಕೀಯ ನೆರವು ಹೆಚ್ಚು ಬೇಕಾದ ಜನರಿಗೇ ಅದು ಕಡಿಮೆ ಸಿಗುತ್ತದೆ ಎಂದು 1971ರಲ್ಲಿ ಬರೆದರು. ಅದನ್ನು ವೈದ್ಯರು ಈಗಲೂ ‘ತಲೆಕೆಳಗಾದ ಆರೈಕೆಯ ನಿಯಮ’ ಎಂದು ಉಲ್ಲೇಖಿಸುತ್ತಾರೆ. ದಕ್ಷಿಣ ವೇಲ್ಸಿನ ಕೊನೆಯ ಆಳದ ಗಣಿಗಳಲ್ಲೊಂದಾದ ಟವರ್ 2008ರಲ್ಲಿ ಮುಚ್ಚಿತು. ನನ್ನ ಪಟ್ಟಿಯಲ್ಲಿ ಈಗಲೂ ಆಮ್ಲಜನಕದ ಕೊಳವೆ ಹಾಕಿಕೊಂಡವರಿದ್ದಾರೆ. ಏನು ಕಾಯಿಲೆ ಎಂದರೆ ‘ಡಸ್ಟ್’ ಎನ್ನುತ್ತಾರೆ. ಇಲ್ಲಿ ಧೂಳೆಂದರೆ ರೋಗದ ಹೆಸರು.

ಪ್ರಶ್ನೆ: ಅಮ್ಮ ಎರಡು ತಿಂಗಳಿಗೆ ನಮ್ಮ ಮನೆಗೆ ಬರುತ್ತಿದ್ದಾರೆ. ಬಿಪಿ, ಸಕ್ಕರೆ ಇದೆ. ಇಂಗ್ಲಿಷ್ ಬರುವುದಿಲ್ಲ. ಜಿಪಿ ನೋಡುತ್ತಾರೆಯೇ? ನಾನು ಜೊತೆಗಿದ್ದು ಅನುವಾದಿಸಿದರೆ ಸಾಕಲ್ಲವೇ? — ಮಗ, ಸ್ವಾನ್ಸಿ

ನೋಡುತ್ತಾರೆ. ಮೂರು ತಿಂಗಳೊಳಗಿನ ವಾಸಕ್ಕೆ ತಾತ್ಕಾಲಿಕ ರೋಗಿ ಎಂದು ಹೆಸರು ಬರೆಸಬಹುದು, ಜಿಪಿಯನ್ನು ಕಾಣಲು ದುಡ್ಡಿಲ್ಲ. ಆಸ್ಪತ್ರೆಗೆ ದಾಖಲಾದರೆ ಮಾತ್ರ ಭಾರಿ ಬಿಲ್ಲು ಬರಬಹುದು, ಪ್ರವಾಸ ವಿಮೆ ಮಾಡಿಸದೆ ಕರೆತರಬೇಡಿ. ಮಾತ್ರೆಗಳನ್ನು ಡಬ್ಬಿಗೆ ಸುರಿದು ತರದೆ ಸ್ಟ್ರಿಪ್ ಸಮೇತ ತರಲಿ. ಬ್ರ್ಯಾಂಡಿನ ಹೆಸರಿನಿಂದ ನಮಗೆ ಏನೂ ತಿಳಿಯುವುದಿಲ್ಲ, ಒಳಗಿನ ಔಷಧದ ಹೆಸರು ಬೇಕು.

ಅನುವಾದದ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷದ ಹಿಂದೆ ನನ್ನ ಟ್ರೇನಿಯ ಸರ್ಜರಿಯಲ್ಲಿ ಮೂಲೆಯ ಕುರ್ಚಿಯಲ್ಲಿ ಕೂತು ಗಮನಿಸುತ್ತಿದ್ದೆ. ಕನ್ನಡದ ಅಮ್ಮ, ಜೊತೆಗೆ ಮಗ. ಅಮ್ಮ ‘ಹೊಟ್ಟೆ ಉರಿಯುತ್ತದೆ’ ಎಂದರು. ಮಗ ಅದನ್ನು ಆಸಿಡಿಟಿ ಎಂದು ಅನುವಾದಿಸಿದ. ಟ್ರೇನಿ ಖಾರ ತಿನ್ನುತ್ತಾರೆಯೇ, ರಾತ್ರಿ ಹೆಚ್ಚೇ ಎಂದು ಕೇಳಿ ಒಮೆಪ್ರಜೋಲ್ ಬರೆಯಲು ಹೊರಟಳು. ಅವಳ ಪ್ರಶ್ನೆಗಳಲ್ಲಿ ಏನೂ ತಪ್ಪಿರಲಿಲ್ಲ. ನಾನು ಮೂಲೆಯಿಂದ ‘ಯಾಕಮ್ಮ ಹೊಟ್ಟೆ ಉರಿ?’ ಎಂದೆ. ಅವರು ನನ್ನನ್ನು ನೋಡಿದರು, ಆಮೇಲೆ ಮಗನನ್ನು ನೋಡಿದರು, ಸೆರಗು ಸರಿಮಾಡಿಕೊಂಡರು. ಮಗನನ್ನು ಒಂದು ಫಾರಂ ತುಂಬಲು ಹೊರಗೆ ಕಳುಹಿಸಿದೆ. ಬಾಗಿಲು ಮುಚ್ಚಿದ ಮೇಲೆ ಹೇಳಿದರು: ‘ನಾನು ಇಲ್ಲಿಗೆ ಬಂದ ಮೇಲೆ ಊರಿನ ಮನೆ ಮಾರಿಬಿಟ್ಟರು. ನನ್ನನ್ನು ಒಂದು ಮಾತೂ ಕೇಳಲಿಲ್ಲ.’

ನಿಮ್ಮ ಮನೆಯಲ್ಲಿ ಅಂಥದ್ದೇನೂ ಇರಲಿಕ್ಕಿಲ್ಲ. ಆದರೂ ಮಗನ ಎದುರು ತಾಯಿ ಹೇಳದ ಮಾತುಗಳಿರುತ್ತವೆ, ಮೂತ್ರದ ತೊಂದರೆಯಿಂದ ಹಿಡಿದು ಮನಸ್ಸಿನ ತೊಂದರೆಯವರೆಗೆ. ಅಪಾಯಿಂಟ್‌ಮೆಂಟ್‌ಗೆ ಫೋನ್ ಮಾಡುವಾಗಲೇ ಕನ್ನಡದ ದುಭಾಷಿ ಬೇಕೆಂದು ಹೇಳಿ. ಫೋನ್ ಮೂಲಕ ಒದಗಿಸುವ ವ್ಯವಸ್ಥೆ ಇದೆ, ನಿಮಗೆ ಖರ್ಚಿಲ್ಲ. ದುಭಾಷಿಯಿದ್ದರೆ ಹತ್ತು ನಿಮಿಷ ಸಾಲದು, ಜೋಡಿ ಅಪಾಯಿಂಟ್‌ಮೆಂಟ್ ಕೇಳಿ. ನೀವು ಹೊರಗೆ ಕೂತಿರಿ.